ಚಿತ್ರಪುಸ್ತಕ ಕೊಳ್ಳುವ ಮುನ್ನ ಒಂದು ಸಲ ಗಟ್ಟಿಯಾಗಿ ಓದಿ

ಚಿತ್ರಪುಸ್ತಕದ ಹಿಂಬದಿಯಲ್ಲಿ ಎಷ್ಟೋ ಸಲ ‘3ರಿಂದ 6 ವರ್ಷ’ ಎಂದು ಅಚ್ಚಾಗಿರುತ್ತದೆ. ಮೂರು ವರ್ಷದ ಮಗು ಹರಿಯದೆ ಪುಟ ತಿರುವುವುದನ್ನು ಈಗಷ್ಟೇ ಕಲಿತಿರುತ್ತದೆ. ಆರು ವರ್ಷದ್ದು ಕಾಗುಣಿತ ಕೂಡಿಸಿಕೊಂಡು ತಾನೇ ಓದಲು ಹೊರಟಿರುತ್ತದೆ. ಇಬ್ಬರಿಗೂ ಒಂದೇ ಪುಸ್ತಕ ಹೊಂದುವುದು ಅಪರೂಪ. ಆ ಅಂಕಿಯನ್ನಷ್ಟೇ ನಂಬಿ ದುಡ್ಡು ಕೊಡಬೇಡಿ. ಅಂಗಡಿಯಲ್ಲಿ ನಿಂತೇ ಹತ್ತು ನಿಮಿಷದಲ್ಲಿ ನೀವೇ ಪರೀಕ್ಷಿಸಬಹುದು.

ಓದುವವರು ಯಾರು?

ಇದನ್ನು ಮೊದಲು ತೀರ್ಮಾನಿಸಿ. ನೀವು ಓದಿ ಹೇಳುವ ಪುಸ್ತಕದಲ್ಲಿ ಮಗುವಿಗೆ ಗೊತ್ತಿಲ್ಲದ ಪದ ಹತ್ತಿದ್ದರೂ ತೊಂದರೆಯಿಲ್ಲ. ನಿಮ್ಮ ದನಿ, ಚಿತ್ರ ಎರಡೂ ಸೇರಿ ಅರ್ಥ ಹೇಳುತ್ತವೆ. ಮಗು ತಾನೇ ಓದಬೇಕಾದ ಪುಸ್ತಕದ ಲೆಕ್ಕ ಬೇರೆ. ‘ಓದು ಬೇಗ ಬರಲಿ’ ಎಂದು ಯುಕೆಜಿ ಮಗುವಿನ ಕೈಗೆ ತುಂಬಾ ಬರಹವಿರುವ ಪುಸ್ತಕ ಕೊಡುವುದು ಹೆತ್ತವರು ಮಾಡುವ ದೊಡ್ಡ ತಪ್ಪು.

ಬೆಂಗಳೂರಿನ ಪ್ರಥಮ್ ಬುಕ್ಸ್ ತನ್ನ ಪುಸ್ತಕಗಳನ್ನು ನಾಲ್ಕು ಹಂತವಾಗಿ ವಿಂಗಡಿಸಿದೆ. ಮೊದಲ ಹಂತದಲ್ಲಿ ಸುಮಾರು 250 ಪದಗಳ ಒಳಗೆ, ಎರಡನೆಯದರಲ್ಲಿ 600ರವರೆಗೆ, ಮೂರನೆಯದರಲ್ಲಿ 1500ರವರೆಗೆ, ನಾಲ್ಕನೆಯದರಲ್ಲಿ ಅದಕ್ಕೂ ಹೆಚ್ಚು. ಈ ಹಂತಗಳು ಮಗುವಿನ ಸ್ವಂತ ಓದಿಗೆ. ನೀವು ಓದಿ ಹೇಳುವುದಾದರೆ ಒಂದು ಹಂತ ಮೇಲಿನದನ್ನೂ ಧೈರ್ಯವಾಗಿ ತೆಗೆದುಕೊಳ್ಳಬಹುದು.

ಬರಹ ಮುಚ್ಚಿ, ಚಿತ್ರ ಮಾತ್ರ ನೋಡಿ

ಬರಹದ ಮೇಲೆ ಕೈ ಇಟ್ಟು ಮೊದಲಿನಿಂದ ಕೊನೆಯವರೆಗೆ ಪುಟ ತಿರುವಿ. ಕಥೆಯ ಜಾಡು ಸಿಗಬೇಕು. ಆಮೇಲೆ ಕೈ ತೆಗೆದು, ಬರಹದಲ್ಲಿ ಇಲ್ಲದ್ದೇನಾದರೂ ಚಿತ್ರದಲ್ಲಿದೆಯೇ ಎಂದು ಹುಡುಕಿ.

ಒಂದು ಪುಟದಲ್ಲಿ ಇಷ್ಟೇ ಬರೆದಿದೆ ಎಂದುಕೊಳ್ಳಿ: ‘ಅಜ್ಜಿ ಹಪ್ಪಳ ಒಣಹಾಕಿದರು. ಕಾಗೆ ಬಂತು.’ ಚಿತ್ರದಲ್ಲಿ ತಾರಸಿಯ ಮೇಲೆ ಹಳೇ ಪಂಚೆ ಹಾಸಿದೆ. ಅದರ ಮೇಲೆ ನಾಲ್ಕು ಸಾಲು ಹಪ್ಪಳ, ಕೊನೇ ಸಾಲಿನಲ್ಲಿ ಎರಡು ಕಾಣೆಯಾಗಿವೆ. ಅಜ್ಜಿ ಕಾಗೆಯತ್ತ ಕೋಲು ಎತ್ತಿದ್ದಾರೆ. ಆದರೆ ನೀರಿನ ಡ್ರಮ್ಮಿನ ಹಿಂದೆ ಅವಿತ ಮೊಮ್ಮಗನ ಕೆನ್ನೆ ಉಬ್ಬಿದೆ! ಈ ಗುಟ್ಟನ್ನು ಮಗು ತಾನೇ ಕಂಡುಹಿಡಿಯುತ್ತದೆ, ಅಕ್ಷರ ಬಾರದ ಮಗುವೂ ಕೂಡ. ಅದೇ ಪುಟದಲ್ಲಿ ಬರೀ ಅಜ್ಜಿ, ಹಪ್ಪಳ, ಕಾಗೆ ಇದ್ದರೆ ಎರಡನೇ ಸಲದ ಓದಿಗೆ ಅಲ್ಲಿ ಏನೂ ಉಳಿದಿರುವುದಿಲ್ಲ.

ಪುಟ ತಿರುವುವ ಜಾಗವನ್ನೂ ಗಮನಿಸಿ. ‘ಬಾಗಿಲ ಹಿಂದೆ ಯಾರಿದ್ದರು?’ ಎಂಬ ಪ್ರಶ್ನೆ ಬಲಗಡೆ ಪುಟದ ಕೊನೆಗೆ ಬಂದು, ಉತ್ತರ ಪುಟ ತಿರುವಿದ ಮೇಲೆ ಸಿಗಬೇಕು. ಎರಡೂ ಎದುರುಬದುರು ಪುಟದಲ್ಲಿದ್ದರೆ ಮಗುವಿನ ಕಣ್ಣು ಮೊದಲೇ ಉತ್ತರದ ಮೇಲೆ ಬಿದ್ದು ಕುತೂಹಲ ಸತ್ತುಹೋಗುತ್ತದೆ.

ಈಗ ಬಾಯಿಬಿಟ್ಟು ಓದಿ

ಯಾವ ಪರೀಕ್ಷೆ ಬಿಟ್ಟರೂ ಇದನ್ನು ಬಿಡಬೇಡಿ. ಮನಸ್ಸಿನಲ್ಲೇ ಓದಿಕೊಂಡರೆ ತೊಡಕು ಗೊತ್ತಾಗುವುದಿಲ್ಲ. ಮೂರು ಪುಟ ಗಟ್ಟಿಯಾಗಿ ಓದಿ. ಎರಡು ಸಲ ನಾಲಿಗೆ ತಡವರಿಸಿದರೆ ಪುಸ್ತಕ ಕೆಳಗಿಡಿ. ಅವಸರದ ಅನುವಾದಗಳು ಇಲ್ಲೇ ಸಿಕ್ಕಿಬೀಳುತ್ತವೆ. ‘ಅಜ್ಜಿಯಿಂದ ಮಾಡಲ್ಪಟ್ಟ ಹಪ್ಪಳಗಳು ಬಿಸಿಲಿನಲ್ಲಿ ಇರಿಸಲ್ಪಟ್ಟಿದ್ದವು’ ಎಂದು ಯಾವ ಮನೆಯಲ್ಲೂ ಯಾರೂ ಮಾತಾಡುವುದಿಲ್ಲ. ಅಂಥ ಕನ್ನಡ ಕೇಳಿದ ಮಗು ಚಿತ್ರ ಬಿಟ್ಟು ಕಿಟಕಿಯತ್ತ ನೋಡತೊಡಗುತ್ತದೆ. ನಾವು ‘ಇವನಿಗೆ ಏಕಾಗ್ರತೆ ಇಲ್ಲ’ ಎಂದುಬಿಡುತ್ತೇವೆ.

ಓದಲು ಹಿಡಿಯುವ ಹೊತ್ತನ್ನೂ ನೋಡಿಕೊಳ್ಳಿ. ಎರಡು ವರ್ಷದ ಮಗುವಿಗೆ ಮೂರು ನಾಲ್ಕು ನಿಮಿಷದ ಕಥೆ ಸಾಕು. ನಾಲ್ಕೈದು ವರ್ಷದವರು ಎಂಟು ಹತ್ತು ನಿಮಿಷ ಕೂರುತ್ತಾರೆ.

ಪುಸ್ತಕದಲ್ಲಿ ‘ಅಮ್ಮ’ ಎಂದಿದ್ದು ನಿಮ್ಮ ಮನೆಯಲ್ಲಿ ‘ಅವ್ವ’ ಎನ್ನುತ್ತಿದ್ದರೆ ಹಾಗೆಯೇ ಬದಲಿಸಿ ಓದಿ. ಧಾರವಾಡದ್ದಾಗಲಿ, ಕಲಬುರಗಿಯದ್ದಾಗಲಿ, ಮಂಗಳೂರಿನದ್ದಾಗಲಿ, ಮನೆಮಾತಿನಲ್ಲಿ ಹೇಳಿದ ಕಥೆ ಮಗುವಿಗೆ ಬೇಗ ಹತ್ತಿರವಾಗುತ್ತದೆ. ಆದರೆ ಮಗು ಅಕ್ಷರದ ಮೇಲೆ ಬೆರಳಿಟ್ಟು ಹಿಂಬಾಲಿಸಲು ಶುರುಮಾಡಿದ ದಿನದಿಂದ ಅಚ್ಚಿನಲ್ಲಿ ಇದ್ದದ್ದನ್ನೇ ಓದಿ, ಇಲ್ಲದಿದ್ದರೆ ಕಂಡದ್ದಕ್ಕೂ ಕೇಳಿದ್ದಕ್ಕೂ ತಾಳೆಯಾಗದೆ ಗೊಂದಲವಾಗುತ್ತದೆ.

ಅಕ್ಷರದ ಅಳತೆ

ಸ್ವಂತ ಓದಿಗಾದರೆ ಒಂದೊಂದು ಅಕ್ಷರ ಕಡಲೆಬೇಳೆಯಷ್ಟಾದರೂ ದಪ್ಪಗಿರಲಿ. ನಮ್ಮ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ. ಸಾಲುಗಳ ನಡುವೆ ಜಾಗ ಕಡಿಮೆಯಿದ್ದರೆ ಮೇಲಿನ ಸಾಲಿನ ಒತ್ತು ಕೆಳಸಾಲಿನ ಗುಡಿಸಿಗೆ ತಾಗಿ, ಅದು ಯಾವ ಅಕ್ಷರದ್ದು ಎಂದೇ ಮಗುವಿಗೆ ತಿಳಿಯುವುದಿಲ್ಲ. ಅರ್ಕಾವತ್ತು ಇನ್ನೊಂದು ತೊಡಕು: ‘ಸೂರ್ಯ’ದಲ್ಲಿ ಮೊದಲು ಉಚ್ಚರಿಸುವ ರಕಾರವನ್ನು ಬರೆಯುವುದು ಯಕಾರದ ನಂತರ. ಹೊಸದಾಗಿ ಓದುವ ಮಗುವಿಗೆ ಇಂಥ ಪದ ಪುಟಕ್ಕೊಂದು ಸಾಕು. ಕಡುಬಣ್ಣದ ಚಿತ್ರದ ಮೇಲೆ ಕಪ್ಪು ಅಕ್ಷರ ಅಚ್ಚುಹಾಕಿದ ಪುಸ್ತಕ ಬೇಡ. ಟ್ಯೂಬ್‌ಲೈಟಿನ ಕೆಳಗೆ ಸ್ವಲ್ಪ ಓರೆಯಾಗಿ ಹಿಡಿದು ನೋಡಿ. ಕಾಗದ ಕನ್ನಡಿಯಂತೆ ಹೊಳೆದರೆ ರಾತ್ರಿ ಓದು ಕಷ್ಟ.

ಮಗು ಜೊತೆಗಿದ್ದರೆ ಒಂದು ಪುಟ ಓದಿಸಿ, ತಡೆದ ಪದಕ್ಕೊಂದರಂತೆ ಬೆರಳು ಮಡಚಿ. ಐದು ಬೆರಳೂ ಮಡಚಿದರೆ ಪುಸ್ತಕ ಕಷ್ಟದ್ದು. ಪುಟಕ್ಕೆ ಹತ್ತೇ ಪದವಿದ್ದರೆ ಎರಡು ಬೆರಳೇ ಹೆಚ್ಚಾಯಿತು.

ಕೈಗೆ, ಬಾಯಿಗೆ

ಎರಡು ವರ್ಷದ ಒಳಗಿನವರು ಪುಸ್ತಕವನ್ನು ಕಚ್ಚಿಯೇ ಕಚ್ಚುತ್ತಾರೆ. ಅವರಿಗೆ ದಪ್ಪ ರಟ್ಟಿನ, ಮೂಲೆ ದುಂಡಗಿರುವ ಪುಸ್ತಕ ಕೊಡಿ. ನಡುವೆ ಸ್ಟೇಪ್ಲರ್ ಪಿನ್ ಹೊಡೆದ ಅಗ್ಗದ ಪುಸ್ತಕ ಆ ವಯಸ್ಸಿಗೆ ಬೇಡ. ಪಿನ್ ಸಡಿಲವಾಗಿ ಬೆರಳಿಗೆ ಚುಚ್ಚುತ್ತದೆ. ಅಂಟಿಸಿದ ಗುಂಡಿ, ಕಣ್ಣು, ಮಣಿಗಳನ್ನು ಎಳೆದು ನೋಡಿ. ಹತ್ತು ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡ ತುಂಡು ಕೂಡ, ಅಂದರೆ ಸುಮಾರು 32 ಮಿಲಿಮೀಟರ್ ಅಗಲದ ಕೊಳವೆಯೊಳಗೆ ಇಳಿಯುವಂಥದ್ದು, ಮೂರು ವರ್ಷದೊಳಗಿನವರ ಗಂಟಲಿಗೆ ಅಪಾಯ. ಗುಂಡಿ ಒತ್ತಿದರೆ ಸದ್ದು ಮಾಡುವ ಪುಸ್ತಕವಾದರೆ ಬ್ಯಾಟರಿ ಮುಚ್ಚಳಕ್ಕೆ ಸ್ಕ್ರೂ ಇರಲೇಬೇಕು. ನಾಣ್ಯದಂಥ ಚಿಕ್ಕ ಬ್ಯಾಟರಿ ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಹುದು. ನುಂಗಿದ ಅನುಮಾನ ಬಂದರೂ ತಕ್ಷಣ ಆಸ್ಪತ್ರೆಗೆ ಓಡಿ.

ಹೊರನಾಡಿನ ಮಕ್ಕಳಿಗೆ

ಪುಣೆಯಲ್ಲೋ ದುಬೈಯಲ್ಲೋ ಬೆಳೆಯುವ, ಕನ್ನಡವನ್ನು ಮನೆಯಲ್ಲಿ ಮಾತ್ರ ಕೇಳುವ ಮಗುವಿಗೆ ಬರಹ ವಯಸ್ಸಿಗಿಂತ ಒಂದು ಹಂತ ಕಡಿಮೆ ಇರಲಿ; ಚಿತ್ರ, ಕಥಾವಸ್ತು ವಯಸ್ಸಿಗೆ ತಕ್ಕ ಹಾಗೇ ಇರಲಿ. ಏಳು ವರ್ಷದವರಿಗೆ ಕೂಸಿನ ಕಥೆ ಕೊಟ್ಟರೆ ಅವಮಾನವೆನಿಸುತ್ತದೆ. ಎರಡು ಭಾಷೆಯ ಪುಸ್ತಕದಲ್ಲಿ ಕಣ್ಣು ಇಂಗ್ಲಿಷ್ ಸಾಲಿಗೆ ಜಾರುತ್ತದೆ, ಆ ಸಾಲಿನ ಮೇಲೆ ಕಾಗದದ ಪಟ್ಟಿ ಇಡಿ.

ದುಡ್ಡು ಕೊಡುವ ಮುನ್ನ ಓದಿ ನೋಡಲು ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ ಪುಸ್ತಕಗಳು ಉಚಿತವಾಗಿ ಸಿಗುತ್ತವೆ. ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲೂ ವಿಚಾರಿಸಿ.

ಮನೆಗೆ ತಂದ ಮೇಲೆ ಮೂರು ದಿನ ಬೇರೆ ಬೇರೆ ಹೊತ್ತಿನಲ್ಲಿ ಓದಿ. ‘ಇನ್ನೊಂದ್ಸಲ’ ಎಂದು ಕೇಳಿತೇ, ಚಿತ್ರ ತೋರಿಸಿ ಏನಾದರೂ ಹೇಳಿತೇ ನೋಡಿ. ಮೂರು ದಿನವೂ ಅರ್ಧಕ್ಕೇ ಮುಚ್ಚಿದರೆ ಒತ್ತಾಯ ಬೇಡ, ಯಾರಿಗೂ ಕೊಟ್ಟುಬಿಡಲೂ ಬೇಡ. ಒಳಹಾಳೆಯಲ್ಲಿ ಪೆನ್ಸಿಲಿನಿಂದ ತಾರೀಖು ಬರೆದು ಎತ್ತಿಡಿ; ಆರು ತಿಂಗಳ ನಂತರ ಮತ್ತೆ ತೆಗೆಯಿರಿ.