ಡಾಕ್ಟರ್ ಮುಂದೆ ಅವರ ಮಾತು ಅವರೇ ಆಡಲಿ

ಸ್ತನ ಕ್ಯಾನ್ಸರ್‌ಗೆ ಆಪರೇಷನ್, ಕೀಮೋ, ರೇಡಿಯೇಶನ್ ಎಲ್ಲಾ ಮುಗಿದರೆ ಆಸ್ಪತ್ರೆಯ ನಂಟೂ ಮುಗಿಯಿತು ಎಂದು ಹೊರಗಿನವರಿಗೆ ಅನ್ನಿಸುತ್ತದೆ. ಹಾಗೇನಿಲ್ಲ. ಮೊದಲ 3 ವರ್ಷ 3ರಿಂದ 6 ತಿಂಗಳಿಗೊಮ್ಮೆ, ಆಮೇಲಿನ 2 ವರ್ಷ 6ರಿಂದ 12 ತಿಂಗಳಿಗೊಮ್ಮೆ, ಅಲ್ಲಿಂದ ಮುಂದೆ ವರ್ಷಕ್ಕೊಮ್ಮೆ ಡಾಕ್ಟರನ್ನು ಕಾಣಬೇಕು ಎನ್ನುತ್ತದೆ ಅಮೆರಿಕದ ಕ್ಯಾನ್ಸರ್ ತಜ್ಞರ ಮಾರ್ಗಸೂಚಿ. ಹಾರ್ಮೋನ್ ಮಾತ್ರೆ (ಹಾರ್ಮೋನಿನ ಪ್ರಭಾವ ತಡೆಯುವಂಥದ್ದು) ಬರೆದುಕೊಟ್ಟಿದ್ದರೆ ಅದನ್ನು 5 ವರ್ಷ, ಕೆಲವರು 10 ವರ್ಷ ನುಂಗಬೇಕು. ಇಷ್ಟು ವರ್ಷಗಳ ಚಿಕ್ಕ ಚಿಕ್ಕ ಭೇಟಿಗಳಲ್ಲಿ ಏನು ಹೇಳಿದರು, ಏನು ಹೇಳದೆ ಉಳಿದರು ಎನ್ನುವುದು ತುಂಬಾ ಮುಖ್ಯ.

ಅಮೆರಿಕದಲ್ಲಿ ಚೀನೀ ಮೂಲದವರು ಸುಮಾರು 50 ಲಕ್ಷ ಮಂದಿ ಇದ್ದಾರೆ. ಸ್ಯಾನ್ ಫ್ರಾನ್ಸಿಸ್ಕೋದ ಚೈನಾಟೌನ್, ಲಾಸ್ ಏಂಜಲೀಸ್ ಪಕ್ಕದ ಮಾಂಟೆರೆ ಪಾರ್ಕ್, ನ್ಯೂಯಾರ್ಕಿನ ಫ್ಲಶಿಂಗ್‌ನಂಥ ಕಡೆ ಇಂಗ್ಲಿಷ್ ಬಾರದೆಯೂ ಜೀವನ ನಡೆಯುತ್ತದೆ. ಅಂಗಡಿ, ಬ್ಯಾಂಕು, ಪೇಪರ್ ಎಲ್ಲಾ ಅವರದೇ ಭಾಷೆಯಲ್ಲಿ ಸಿಗುತ್ತವೆ. ಕ್ಯಾನ್ಸರ್ ಡಾಕ್ಟರ್ ಕೋಣೆಗೆ ಹೋದಾಗ ಮಾತ್ರ ಬಾಯಿ ಕಟ್ಟುತ್ತದೆ.

ನಮ್ಮವರೂ ಅವರ ಅಕ್ಕಪಕ್ಕದಲ್ಲೇ ಇದ್ದಾರೆ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್, ಕ್ಯುಪರ್ಟಿನೋ, ಸನಿವೇಲ್‌ಗಳಲ್ಲಿ ಕನ್ನಡದ ಮನೆಗಳೂ ಚೀನೀ ಮನೆಗಳೂ ಒಂದೇ ಬೀದಿಯಲ್ಲಿವೆ. ಪಕ್ಕದ ಮನೆಯ ಹಿರಿಯ ಹೆಂಗಸನ್ನು ಚೆಕಪ್‌ಗೆ ಕಾರಿನಲ್ಲಿ ಬಿಟ್ಟು ಬರುವ ಕೆಲಸ ನಿಮಗೆ ಬರಬಹುದು. ಜತೆಗೆ ಒಳಗೂ ಬಾ ಎಂದು ಅವರೇ ಕರೆಯಬಹುದು. ಆಗ ಏನು ಮಾಡಬೇಕು? ಊರಿನಿಂದ ಅಲ್ಲಿಗೆ ಹೋಗಿ ನೆಲೆಸಿದ ನಮ್ಮ ಅಪ್ಪ ಅಮ್ಮಂದಿರಿಗೂ ಇದರಲ್ಲಿ ಬಹುಪಾಲು ಹೊಂದುತ್ತದೆ. ಒಂದು ವಿಷಯ ಮೊದಲೇ ಮನಸ್ಸಿನಲ್ಲಿರಲಿ: ಅವರ ಪರವಾಗಿ ನಾವು ಮಾತಾಡುವುದು ಸಹಾಯ ಆಗುವುದಿಲ್ಲ. ಅವರೇ ಮಾತಾಡುವುದಕ್ಕೆ ದಾರಿ ಮಾಡಿಕೊಡಬೇಕು.

ಹೆಜ್ಜೆ 1: ಯಾವ ಚೀನೀ ಭಾಷೆ ಎಂದು ಕೇಳಿ

ಚೀನಾದಿಂದ ಬಂದವರೆಲ್ಲ ಮ್ಯಾಂಡರಿನ್ ಆಡುತ್ತಾರೆ ಎಂದುಕೊಳ್ಳಬೇಡಿ. ಹಳೆಯ ಚೈನಾಟೌನ್‌ಗಳಲ್ಲಿ ಗುವಾಂಗ್‌ಡಾಂಗ್ ಪ್ರಾಂತ್ಯದಿಂದ ಬಂದವರು ಹೆಚ್ಚು. ಅವರ ಮನೆಮಾತು ಕ್ಯಾಂಟನೀಸ್ ಅಥವಾ ತೈಶಾನೀಸ್. ನ್ಯೂಯಾರ್ಕಿನಲ್ಲಿ ಫ್ಯೂಜಿಯನ್ ಪ್ರಾಂತ್ಯದವರು ಬಹಳ, ಅವರಲ್ಲಿ ಅನೇಕರದು ಫುಝೌ ಭಾಷೆ. ಒಬ್ಬರು ಆಡಿದ್ದು ಇನ್ನೊಬ್ಬರಿಗೆ ತಿಳಿಯುವುದಿಲ್ಲ. ಆಸ್ಪತ್ರೆಯ ಫಾರಂನಲ್ಲಿ ಸುಮ್ನೆ 'ಚೈನೀಸ್' ಎಂದು ಬರೆದರೆ ಮ್ಯಾಂಡರಿನ್ ದುಭಾಷಿಯನ್ನು ಕಳಿಸಿಬಿಡುವ ಸಾಧ್ಯತೆ ಇದೆ. ಓದುವ ಲಿಪಿಯನ್ನೂ ಕೇಳಿ. ಚೀನಾದ ಮುಖ್ಯ ನೆಲದವರಿಗೆ ಸರಳಗೊಳಿಸಿದ ಲಿಪಿ ರೂಢಿ, ತೈವಾನ್ ಮತ್ತು ಹಾಂಗ್‌ಕಾಂಗಿನವರಿಗೆ ಹಳೆಯ ಸಾಂಪ್ರದಾಯಿಕ ಲಿಪಿ. ಎರಡೂ ಲಿಪಿಗಳಲ್ಲಿ ಕರಪತ್ರ ಇಟ್ಟಿರುವ ಆಸ್ಪತ್ರೆಗಳಿವೆ. ಆದರೆ ಕೇಳಿದವರಿಗಷ್ಟೇ ಸಿಗುತ್ತವೆ.

ಹೆಜ್ಜೆ 2: ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ದುಭಾಷಿಯನ್ನು ಕೇಳಿಡಿ

ಇದು ಯಾರ ದಯೆಯೂ ಅಲ್ಲ, ಹಕ್ಕು. 1974ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಚೀನೀ ಮಕ್ಕಳ ಪರವಾಗಿ ಅಮೆರಿಕದ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ತಿಳಿಯದ ಭಾಷೆಯಲ್ಲಿ ಪಾಠ ಮಾಡಿ ಕೈತೊಳೆದುಕೊಳ್ಳುವುದು 1964ರ ನಾಗರಿಕ ಹಕ್ಕು ಕಾನೂನಿಗೆ ವಿರುದ್ಧ ಎಂದಿತು. ಅದೇ ದಾರಿಯಲ್ಲಿ ಮುಂದೆ ಬಂದದ್ದು 2010ರ ಅಫೋರ್ಡಬಲ್ ಕೇರ್ ಆ್ಯಕ್ಟ್ ಎಂಬ ಆರೋಗ್ಯ ಕಾನೂನಿನ 1557ನೇ ಸೆಕ್ಷನ್. ಸರ್ಕಾರದ ಹಣ ಪಡೆಯುವ ಆಸ್ಪತ್ರೆ ರೋಗಿಗೆ ತರಬೇತಿ ಪಡೆದ ದುಭಾಷಿಯನ್ನು ಒದಗಿಸಬೇಕು. ಅದಕ್ಕೆ ದುಡ್ಡು ಕೇಳುವಂತಿಲ್ಲ. "ನೀವೇ ಯಾರನ್ನಾದರೂ ಕರೆದುಕೊಂಡು ಬನ್ನಿ" ಎನ್ನುವಂತೆಯೂ ಇಲ್ಲ. 2025ರ ಮಾರ್ಚ್‌ನಲ್ಲಿ ಅಲ್ಲಿನ ಅಧ್ಯಕ್ಷರು ಇಂಗ್ಲಿಷನ್ನು ಅಧಿಕೃತ ಭಾಷೆ ಎಂದು ಘೋಷಿಸಿದರು, ಭಾಷಾ ನೆರವಿನ ಬಗ್ಗೆ 2000ದಲ್ಲಿ ಹೊರಟಿದ್ದ ಅಧ್ಯಕ್ಷೀಯ ಆದೇಶವನ್ನು ಹಿಂತೆಗೆದುಕೊಂಡರು. ಇದನ್ನು ಕೇಳಿ ಅನೇಕರು ಹೆದರಿದ್ದಾರೆ. 1557 ಇರುವುದು ಸಂಸತ್ತು ಮಾಡಿದ ಕಾನೂನಿನಲ್ಲಿ, ಆ ಆದೇಶದಿಂದ ಅದು ರದ್ದಾಗಿಲ್ಲ.

ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ದುಭಾಷಿ ಬೇಕು ಎಂದು ಹೇಳಿ. ಹಿಂದಿನ ದಿನ ಇನ್ನೊಮ್ಮೆ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ಎದುರಿಗೆ ಬರುವವರು ಸಿಗದಿದ್ದರೆ ವಿಡಿಯೊದಲ್ಲೋ ಫೋನಿನಲ್ಲೋ ಸಿಗುತ್ತಾರೆ. ಸ್ತನ ಪರೀಕ್ಷೆ ಇರುವುದರಿಂದ ಮಹಿಳಾ ದುಭಾಷಿಯೇ ಬೇಕು ಎಂದು ಕೇಳಬಹುದು. ಇದನ್ನು ಕೇಳಲು ಅವರಿಗೆ ನಾಚಿಕೆ ಆಗುತ್ತದೆ. ನೀವು ಕೇಳಿ.

ಮನೆಯಲ್ಲಿ ಮಗ ಇದ್ದಾನಲ್ಲ, ಅವನೇ ಹೇಳುತ್ತಾನೆ ಬಿಡಿ ಎನ್ನುವವರು ಜಾಸ್ತಿ. ನನ್ನ ಮಟ್ಟಿಗೆ ಇದು ಎಲ್ಲಕ್ಕಿಂತ ದೊಡ್ಡ ತೊಡಕು. ಹಾರ್ಮೋನ್ ಮಾತ್ರೆಯಿಂದ ಯೋನಿ ಒಣಗಬಹುದು, ಗಂಡನ ಜತೆ ಸೇರುವುದು ಕಷ್ಟವಾಗಬಹುದು. ಯಾವ ತಾಯಿ ಇದನ್ನು ಮಗನ ಬಾಯಿಂದ ಹೇಳಿಸುತ್ತಾಳೆ? ಇನ್ನೊಂದು ಕಡೆ, ಚೀನೀ ಮನೆಗಳಲ್ಲಿ ಕೆಟ್ಟ ಸುದ್ದಿಯನ್ನು ರೋಗಿಯಿಂದ ಮುಚ್ಚಿಡುವ ಪದ್ಧತಿ ಹಳೆಯದು. ಡಾಕ್ಟರ್ ಹೇಳಿದ್ದನ್ನು ಮಗಳು ಮೆತ್ತಗೆ ಮಾಡಿ ಹೇಳುತ್ತಾಳೆ. ಅದರ ಹಿಂದೆ ಪ್ರೀತಿಯೇ ಇದೆ. ನಮ್ಮ ಮನೆಗಳಲ್ಲೂ ಹೀಗೇ ಅಲ್ವಾ? ಆದರೆ ಮಾತ್ರೆ ನುಂಗಬೇಕಾದವರಿಗೆ ಅರ್ಧ ಸುದ್ದಿಯಷ್ಟೇ ತಲುಪುತ್ತದೆ. ಮಗನೋ ಮಗಳೋ ಜತೆಗಿರಲಿ, ಅನುವಾದದ ಹೊರೆ ಅವರ ಮೇಲೆ ಬೇಡ. 18 ತುಂಬದ ಮೊಮ್ಮಕ್ಕಳನ್ನು ತುರ್ತು ಸಂದರ್ಭ ಬಿಟ್ಟು ದುಭಾಷಿಯಾಗಿ ಬಳಸಲು ಕಾನೂನೂ ಬಿಡುವುದಿಲ್ಲ.

ಹೆಜ್ಜೆ 3: ಭೇಟಿಯ ಹಿಂದಿನ ವಾರ ಒಂದು ಹಾಳೆ ಬರೆಯಿಸಿ

ಅವರದೇ ಭಾಷೆಯಲ್ಲಿ, ಅವರದೇ ಕೈಯಲ್ಲಿ. ಪ್ರಶ್ನೆಗಳ ಪಟ್ಟಿ ಹಿಡಿದು ಹೋಗುವ ಪದ್ಧತಿಯ ಮೇಲೆ 1990ರ ದಶಕದಿಂದಲೇ ಸಿಡ್ನಿಯ ಸಂಶೋಧಕರು ಕೆಲಸ ಮಾಡಿದ್ದಾರೆ. ಕೈಯಲ್ಲಿ ಪಟ್ಟಿ ಇದ್ದರೆ ಕೇಳುವ ಧೈರ್ಯ ಬರುತ್ತದೆ. ಡಾಕ್ಟರಿಗೆ ಎದುರು ಪ್ರಶ್ನೆ ಹಾಕಿದರೆ ಅಗೌರವ ಎಂದು ನಂಬಿಕೊಂಡು ಬೆಳೆದವರಿಗೆ ಇದು ಇನ್ನೂ ಅಗತ್ಯ. ಅವರು ತಲೆಯಾಡಿಸುತ್ತಾರೆ, ನಗುತ್ತಾರೆ, ಥ್ಯಾಂಕ್ಯೂ ಹೇಳಿ ಎದ್ದು ಬರುತ್ತಾರೆ. ಡಾಕ್ಟರ್ ಎಲ್ಲಾ ಚೆನ್ನಾಗಿದೆ ಎಂದುಕೊಳ್ಳುತ್ತಾರೆ.

ಹಾಳೆಯ ಮೇಲ್ಭಾಗದಲ್ಲಿ ಅತಿ ಮುಖ್ಯವಾದ ಮೂರು ಪ್ರಶ್ನೆ ಮಾತ್ರ ಇರಲಿ. ಹತ್ತು ಬರೆದರೆ ಕಾಲು ಗಂಟೆಯ ಭೇಟಿಯಲ್ಲಿ ಕೊನೆಯದು ತಲುಪುವುದೇ ಇಲ್ಲ, ಕೊನೆಯದೇ ಮುಖ್ಯವಾದದ್ದಾಗಿರುತ್ತದೆ.

ಅದರ ಕೆಳಗೆ ಮೈಯಲ್ಲಿ ಆಗುತ್ತಿರುವುದನ್ನು ಬರೆಯಲಿ. ಅನಾಸ್ಟ್ರೊಜೋಲ್, ಲೆಟ್ರೊಜೋಲ್ ಎಂಬ ಹಾರ್ಮೋನ್ ಮಾತ್ರೆ ತೆಗೆದುಕೊಳ್ಳುವವರಿಗೆ ಕೀಲು ನೋವು ಸಾಮಾನ್ಯ, ಮೂಳೆಯೂ ಸವೆಯುತ್ತದೆ. ಟಮಾಕ್ಸಿಫೆನ್ ಎಂಬ ಇನ್ನೊಂದು ಹಾರ್ಮೋನ್ ಮಾತ್ರೆ ತೆಗೆದುಕೊಳ್ಳುವವರಿಗೆ ಇದ್ದಕ್ಕಿದ್ದಂತೆ ಮೈ ಬಿಸಿಯೇರಿ ಬೆವರುತ್ತದೆ. ಕೀಮೋ ಆದವರಿಗೆ ಬೆರಳ ತುದಿ ಜೋಮು ಹಿಡಿಯಬಹುದು. ಕಂಕುಳಿನ ದುಗ್ಧಗ್ರಂಥಿ ತೆಗೆದಿದ್ದರೆ ತೋಳು ಊದಬಹುದು. ಇದೆಲ್ಲ ವಯಸ್ಸಾದ ಮೇಲೆ ಇರುವುದೇ, ಸಹಿಸಬೇಕು ಎಂದು ಅವರು ಸುಮ್ಮನಾಗುತ್ತಾರೆ. ಕೆಲವರು ತಡೆಯಲಾರದೆ ಮಾತ್ರೆಯನ್ನೇ ನಿಲ್ಲಿಸಿ, ಡಾಕ್ಟರಿಗೆ ಹೇಳುವುದಿಲ್ಲ. ಮಾತ್ರೆ ಬಿಟ್ಟಿದ್ದರೆ ಅದನ್ನು ಹೇಳಲೇಬೇಕು, ಬೇರೆ ಮಾತ್ರೆಗೆ ಬದಲಾಯಿಸುವ ದಾರಿ ಇದೆ. ಟಮಾಕ್ಸಿಫೆನ್ ನುಂಗುವವರಲ್ಲಿ ಮುಟ್ಟು ನಿಂತ ಮೇಲೆ ರಕ್ತಸ್ರಾವ ಕಂಡರೆ, ಅಥವಾ ಒಂದು ಕಾಲು ಊದಿ ನೋಯುತ್ತಿದ್ದರೆ, ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ. ಅಂದೇ ಫೋನ್ ಮಾಡಿ.

ಇನ್ನು ಅಡುಗೆಮನೆಯ ಮದ್ದು. ಡಾಂಗ್ ಗ್ವೈ ಬೇರು ಹಾಕಿದ ಕೋಳಿ ಸಾರು, ಜಿನ್‌ಸೆಂಗ್, ಲಿಂಗ್‌ಝಿ ಅಣಬೆ, ಚೈನಾಟೌನ್‌ನ ಗಿಡಮೂಲಿಕೆ ಅಂಗಡಿಯ ಪೊಟ್ಟಣ. ಬೈಯುತ್ತಾರೆ ಎಂದು ಇದನ್ನೆಲ್ಲ ಮುಚ್ಚಿಡುತ್ತಾರೆ. ನಮ್ಮವರು ಕಷಾಯ, ಚೂರ್ಣದ ವಿಷಯ ಮುಚ್ಚಿಡುವುದಿಲ್ಲವೇ? ಹಾರ್ಮೋನಿಗೆ ಸ್ಪಂದಿಸುವ ಕ್ಯಾನ್ಸರ್ ಇದ್ದವರು ಡಾಂಗ್ ಗ್ವೈಯಂಥದ್ದನ್ನು ಕೇಳದೆ ತೆಗೆದುಕೊಳ್ಳಬಾರದು. ಪೊಟ್ಟಣವನ್ನೇ ಚೀಲಕ್ಕೆ ಹಾಕಿಸಿ, ಅಥವಾ ಲೇಬಲ್ಲಿನ ಫೋಟೊ ತೆಗೆದುಕೊಳ್ಳಿ. ಹೆಸರು ಅನುವಾದಿಸುವ ಕಷ್ಟ ತಪ್ಪುತ್ತದೆ.

ಚೀನೀ ಪದ್ಧತಿಯ ಚಿಕಿತ್ಸೆ ಎಂದ ಕೂಡಲೇ ಡಾಕ್ಟರ್ ಮುಖ ಸಿಂಡರಿಸುತ್ತಾರೆ ಎಂಬ ಭಯ ಈಗ ಬೇಕಿಲ್ಲ. 226 ಮಹಿಳೆಯರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ಅನಾಸ್ಟ್ರೊಜೋಲ್‌ನಂಥ ಮಾತ್ರೆಗಳಿಂದ ಬರುವ ಕೀಲು ನೋವನ್ನು ಅಕ್ಯುಪಂಕ್ಚರ್ (ಸೂಜಿ ಚುಚ್ಚುವ ಚೀನೀ ಚಿಕಿತ್ಸೆ) ಸ್ವಲ್ಪ ಕಡಿಮೆ ಮಾಡಿತು. ಸೋಯಾ ವಿಷಯವೂ ಹಾಗೇ. ಸ್ತನ ಕ್ಯಾನ್ಸರ್ ಬಂತೆಂದು ತೋಫು, ಸೋಯಾ ಹಾಲು ಬಿಟ್ಟು ಕೊರಗುವವರಿದ್ದಾರೆ. ಶಾಂಘೈನಲ್ಲಿ ಈ ರೋಗದಿಂದ ಬದುಕುಳಿದ 5,042 ಮಹಿಳೆಯರನ್ನು ಗಮನಿಸಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಸೋಯಾ ಆಹಾರ ಹೆಚ್ಚು ತಿಂದವರಲ್ಲಿ ಕ್ಯಾನ್ಸರ್ ಮರುಕಳಿಸಿದ್ದೂ ಸಾವೂ ಕಡಿಮೆ ಇತ್ತು. ಸೋಯಾ ಗುಳಿಗೆಗೆ ಈ ಮಾತು ಹೊಂದುವುದಿಲ್ಲ. ಊಟದ ಪ್ರಶ್ನೆ ಸಣ್ಣದು ಎಂದು ಹಾಳೆಯಿಂದ ತೆಗೆಸಬೇಡಿ.

ಹೆಜ್ಜೆ 4: ಕೋಣೆಯೊಳಗೆ

ರೋಗಿ ಡಾಕ್ಟರ್ ಎದುರಿಗೆ ಕೂರಲಿ, ದುಭಾಷಿ ಅವರ ಪಕ್ಕ, ನೀವು ಹಿಂದೆ. ಡಾಕ್ಟರ್ ನಿಮ್ಮ ಮುಖ ನೋಡಿ "ಅವರಿಗೆ ಹೇಗಿದೆ?" ಎಂದರೆ ಉತ್ತರಿಸದೆ ಅವರ ಕಡೆ ತಿರುಗಿ. ಹಾಳೆ ಈಗಲೇ ಹೊರಗೆ ಬರಲಿ, ಎದ್ದು ಹೋಗುವಾಗ ಅಲ್ಲ.

ಒಂದು ಸೂಕ್ಷ್ಮ ಇದೆ, ಕನ್ನಡದವರಿಗೆ ಬೇಗ ತಿಳಿಯುತ್ತದೆ. "ನೋವಿಲ್ಲ ಅಲ್ವಾ?" ಎಂದರೆ ನಾವು "ಹೌದು" ಅನ್ನುತ್ತೇವೆ, ಅಂದರೆ ನೋವಿಲ್ಲ. ಚೀನೀ ಭಾಷೆಯಲ್ಲೂ ಹಾಗೇ. ಇಂಗ್ಲಿಷಿನಲ್ಲಿ ಅದೇ ಪ್ರಶ್ನೆಗೆ 'ಯೆಸ್' ಎಂದರೆ ನೋವಿದೆ ಎಂದು ಬರೆದುಕೊಳ್ಳಬಹುದು. ಆದ್ದರಿಂದ ಬರೀ ಹೌದು, ಇಲ್ಲ ಸಾಲದು. ಎಲ್ಲಿ, ಯಾವಾಗಿನಿಂದ, ರಾತ್ರಿ ನಿದ್ದೆ ಕೆಡುತ್ತದೆಯೇ, ಬಟ್ಟೆ ಹಿಂಡಲು ಆಗುತ್ತದೆಯೇ ಎಂದು ಬಿಡಿಸಿ ಹೇಳಲಿ.

ಇಲ್ಲಿ ಬಹಳ ಸಲ ಒಂದು ಮನಸ್ತಾಪ ಹುಟ್ಟುತ್ತದೆ. ಚೀನಾದಲ್ಲಿ ಚೆಕಪ್ ಎಂದರೆ ಅಲ್ಟ್ರಾಸೌಂಡ್, ರಕ್ತ ಪರೀಕ್ಷೆ ಮಾಡುವುದು ರೂಢಿ. ಅಮೆರಿಕದಲ್ಲಿ ಡಾಕ್ಟರ್ ಮುಟ್ಟಿ ನೋಡಿ, ವರ್ಷಕ್ಕೊಂದು ಮ್ಯಾಮೊಗ್ರಾಂ (ಸ್ತನದ ಎಕ್ಸ್‌ರೇ) ಬರೆದು ಕಳಿಸುತ್ತಾರೆ. ಊರಿನ ತಂಗಿಗೆ ಅಷ್ಟೆಲ್ಲ ಮಾಡುತ್ತಾರೆ, ನನಗೆ ಏನೂ ಇಲ್ಲ, ಇನ್ಶೂರೆನ್ಸ್ ಉಳಿಸುತ್ತಿದ್ದಾರೆ ಎಂಬ ಸಂಶಯ ಮೂಡುತ್ತದೆ. ತೊಂದರೆಯ ಲಕ್ಷಣ ಇಲ್ಲದವರಿಗೆ ಸ್ಕ್ಯಾನ್, ರಕ್ತ ಪರೀಕ್ಷೆ ಸುಮ್ಮನೆ ಮಾಡಬೇಕಿಲ್ಲ ಎಂದು ಅಮೆರಿಕದ ಮಾರ್ಗಸೂಚಿಯೇ ಹೇಳುತ್ತದೆ. ಆ ಕಾರಣವನ್ನು ಡಾಕ್ಟರ್ ಬಾಯಿಂದಲೇ ಕೇಳಬೇಕು. "ನನಗೆ ಸ್ಕ್ಯಾನ್ ಯಾಕೆ ಬೇಡ? ಯಾವ ಲಕ್ಷಣ ಕಂಡರೆ ಮಾಡುತ್ತೀರಿ?" ಈ ಎರಡು ಪ್ರಶ್ನೆ ಹಾಳೆಯಲ್ಲಿದ್ದರೆ ವರ್ಷಗಟ್ಟಲೆ ಒಳಗೇ ಕುದಿಯುವುದು ತಪ್ಪುತ್ತದೆ.

ಹೊರಡುವ ಮುಂಚೆ, ತಿಳಿದದ್ದನ್ನು ಅವರು ತಿರುಗಿ ಹೇಳಲಿ. "ನಾನು ಮನೆಗೆ ಹೋಗಿ ಮಾಡಬೇಕಾದದ್ದು ಇದು, ಸರಿಯಾ?" ಎಂದು. ದುಭಾಷಿ ಅದನ್ನು ಡಾಕ್ಟರಿಗೆ ಇಂಗ್ಲಿಷಿನಲ್ಲಿ ತಲುಪಿಸುತ್ತಾರೆ, ತಪ್ಪಿದ್ದರೆ ಅಲ್ಲೇ ಸರಿಹೋಗುತ್ತದೆ.

ಹೆಜ್ಜೆ 5: ಕಾಗದ ಮತ್ತು ಫೋನು

ಯಾವ ಚಿಕಿತ್ಸೆ ಆಯಿತು, ಮುಂದೆ ಏನೇನು ಪರೀಕ್ಷೆ, ಯಾರು ನೋಡಿಕೊಳ್ಳುತ್ತಾರೆ ಎಂದು ಒಂದೆರಡು ಪುಟದಲ್ಲಿ ಬರೆದುಕೊಡಿ ಎಂದು ಕೇಳಿ. ಮುಂದಿನ ಭೇಟಿಯ ತಾರೀಖನ್ನು ತಿಂಗಳ ಹೆಸರು ಹಾಕಿ ಬರೆದಿಡಿ. 3/8 ಎಂದರೆ ಅಮೆರಿಕದಲ್ಲಿ ಮಾರ್ಚ್ 8, ನಮಗೆ ಆಗಸ್ಟ್ 3.

2021ರ ಏಪ್ರಿಲ್‌ನಿಂದ ಅಲ್ಲಿನ ರೋಗಿಗಳಿಗೆ ವರದಿ ಬಂದ ಕೂಡಲೇ ಆನ್‌ಲೈನಿನಲ್ಲಿ ನೋಡುವ ಹಕ್ಕಿದೆ. ಡಾಕ್ಟರ್ ಫೋನ್ ಮಾಡುವ ಮುಂಚೆಯೇ ಇಂಗ್ಲಿಷ್ ವರದಿ ಮೊಬೈಲಿಗೆ ಬಂದು ಬೀಳುತ್ತದೆ. ಅದನ್ನು ಅನುವಾದದ ಆ್ಯಪ್‌ಗೆ ಹಾಕಿ ರಾತ್ರಿಯೆಲ್ಲ ನಿದ್ದೆಗೆಡುವುದು ಬೇಡ. ದುಭಾಷಿಯ ಜತೆ ನರ್ಸ್‌ಗೆ ಫೋನ್ ಮಾಡಿ ಕೇಳಬಹುದು.

ಹೆಜ್ಜೆ 6: ಭಯದ ಮಾತನ್ನೂ ಸೇರಿಸಿ

ಮತ್ತೆ ಬಂದರೆ ಎಂಬ ಹೆದರಿಕೆ, ನಿದ್ದೆ ಬಾರದಿರುವುದು, ಅಳು. ಮನೆಯವರಿಗೆ ಹೊರೆಯಾಗಬಾರದು ಎಂದು ಇದನ್ನು ಯಾರಿಗೂ ಹೇಳದವರು ಬಹಳ. ಸಂಶೋಧಕಿ ಚಿಯಾನ್ ಲೂ ಅಮೆರಿಕದ ಚೀನೀ ಮಹಿಳೆಯರಿಂದ ಅವರದೇ ಭಾಷೆಯಲ್ಲಿ ಕ್ಯಾನ್ಸರ್ ಬಗ್ಗೆ ಮನಸ್ಸಿಗೆ ಬಂದದ್ದನ್ನು ಬರೆಯಿಸಿ ಅಧ್ಯಯನ ಮಾಡಿದ್ದಾರೆ. ಬಾಯಲ್ಲಿ ಬಾರದ್ದು ಬರವಣಿಗೆಯಲ್ಲಿ ಬರುತ್ತದೆ. ಅದೇ ರೋಗ ದಾಟಿ ಬಂದ ಹೆಂಗಸರೇ ಹೊಸಬರಿಗೆ ಜತೆಯಾಗುವ ಚೀನೀ ಗುಂಪುಗಳು ಕ್ಯಾಲಿಫೋರ್ನಿಯಾದಲ್ಲಿವೆ. ಡಾಕ್ಟರಿಗೆ ಹೇಗೆ ಹೇಳಿದೆ, ಅವರು ಏನಂದರು ಎಂದು ಅಲ್ಲಿ ಒಬ್ಬರಿಂದೊಬ್ಬರು ಕಲಿಯುತ್ತಾರೆ. ಅಮೆರಿಕನ್ ಕ್ಯಾನ್ಸರ್ ಸೊಸೈಟಿಯ 1-800-227-2345ಕ್ಕೆ ಫೋನ್ ಮಾಡಿ ದುಭಾಷಿ ಬೇಕು ಎಂದೂ ಕೇಳಬಹುದು. ಹತ್ತಿರದ ಗುಂಪಿನ ವಿವರ ಆಸ್ಪತ್ರೆಯ ಸೋಶಿಯಲ್ ವರ್ಕರ್ ಹತ್ತಿರ ಸಾಮಾನ್ಯವಾಗಿ ಇರುತ್ತದೆ. ಮುಂದಿನ ಭೇಟಿಯ ಹಾಳೆಯಲ್ಲಿ ಅದನ್ನೂ ಒಂದು ಪ್ರಶ್ನೆಯಾಗಿ ಬರೆಯಿಸಿ.