ಟೀಮ್ ಪ್ರಾಜೆಕ್ಟ್‌ಗೆ ಬ್ಲ್ಯಾಕ್ ಹಾಕೋದು ಹೇಗೆ, ಯಾರ ಬ್ರ್ಯಾಂಚೂ ಕೆಡದ ಹಾಗೆ

ಪೈಥಾನ್ ಕೋಡ್‌ಗೆ ಬ್ಲ್ಯಾಕ್ (ಕೋಡಿನ ಸ್ಪೇಸ್, ಲೈನ್, ಕೋಟ್ ಎಲ್ಲಾ ಒಂದೇ ತರ ಜೋಡಿಸೋ ಫಾರ್ಮ್ಯಾಟರ್) ಹಾಕೋದು ಅಂದ್ರೆ ಇನ್‌ಸ್ಟಾಲ್ ಮಾಡಿ ಒಂದು ಕಮಾಂಡ್ ಹೊಡೆದ್ರೆ ಆಯ್ತು. ಆದ್ರೆ ನಾಲ್ಕಾರು ಜನ ಸೇರಿ ವರ್ಷಗಟ್ಟಲೆ ಬರೆದಿರೋ ರೆಪೋಗೆ ಹೇಳ್ದೆ ಕೇಳ್ದೆ ಹೊಡೆದ್ಬಿಟ್ರೆ ಮಾರನೇ ದಿನ ಎಲ್ಲರ ಬ್ರ್ಯಾಂಚಲ್ಲೂ ಕಾನ್‌ಫ್ಲಿಕ್ಟ್, ಗಿಟ್ ಬ್ಲೇಮ್ (ಯಾವ ಲೈನನ್ನ ಕೊನೇಲಿ ಯಾರು ಬದಲಾಯಿಸಿದ್ರು ಅಂತ ತೋರ್ಸೋದು) ತೆಗೆದ್ರೆ ಎಲ್ಲಿ ನೋಡಿದ್ರೂ ನಿಮ್ಮದೇ ಹೆಸರು. ಯಾವುದು ಮೊದಲು ಯಾವುದು ಆಮೇಲೆ ಅನ್ನೋದು ಸರಿ ಇದ್ರೆ ಇದ್ಯಾವುದೂ ಆಗಲ್ಲ. 2005ರಿಂದ ಬೆಳೆದ್ಕೊಂಡು ಬಂದಿರೋ ಪೈಥಾನ್ ವೆಬ್ ಫ್ರೇಮ್‌ವರ್ಕ್ ಜ್ಯಾಂಗೋ ಕೂಡ 2022ರ ಫೆಬ್ರವರಿಲಿ ಪೂರ್ತಿ ಕೋಡನ್ನ ಬ್ಲ್ಯಾಕ್‌ಗೆ ಬದಲಾಯಿಸ್ತು.

ಮೊದಲು ಟೀಮಲ್ಲಿ ಮಾತಾಡಿ. ಬ್ಲ್ಯಾಕಲ್ಲಿ ಸೆಟ್ಟಿಂಗ್ಸ್ ತುಂಬಾ ಕಮ್ಮಿ, ಲೈನ್ ಉದ್ದ 88 ಅಕ್ಷರ, ಸಿಂಗಲ್ ಕೋಟೆಲ್ಲ ಡಬಲ್ ಆಗತ್ತೆ, ಅದನ್ನ ಬದಲಾಯಿಸ್ಲೇಬೇಡಿ ಅಂತೀನಿ, ಯಾಕಂದ್ರೆ ಒಂದು ಸೆಟ್ಟಿಂಗ್ ಮುಟ್ಟಿದ್ರೆ ಮುಗೀತು, ರಿವ್ಯೂಲಿ ನಡೀತಿದ್ದ ಜಗಳ ಕಾನ್ಫಿಗ್ ಫೈಲಿಗೆ ಬಂದು ಕೂರತ್ತೆ. ಕೋಡ್ ಕೆಡತ್ತೇನೋ ಅಂತ ಯಾರಾದ್ರೂ ಹೆದರಿದ್ರೆ ಹೇಳಿ, ಬದಲಾಯಿಸೋ ಮುಂಚಿನ ಸಿಂಟ್ಯಾಕ್ಸ್ ಟ್ರೀನೂ (ಪೈಥಾನ್ ಅರ್ಥ ಮಾಡ್ಕೊಳ್ಳೋ ಕೋಡಿನ ರಚನೆ) ಆಮೇಲಿಂದೂ ಬ್ಲ್ಯಾಕೇ ಹೋಲಿಸಿ ನೋಡತ್ತೆ, ತಾಳೆ ಆಗ್ಲಿಲ್ಲ ಅಂದ್ರೆ ಫೈಲ್ ಮುಟ್ಟಲ್ಲ, ಎರರ್ ಕೊಟ್ಟು ನಿಲ್ಲತ್ತೆ.

ಆಮೇಲೆ ಡಿಫ್ ಆಪ್ಷನ್ ಹಾಕಿ ಓಡಿಸಿ, ಏನೂ ಬರೆಯಲ್ಲ, ಏನೇನು ಬದಲಾಗತ್ತೆ ಅಂತ ತೋರ್ಸತ್ತೆ ಅಷ್ಟೇ. ಮ್ಯಾಟ್ರಿಕ್ಸ್ ತರ ಕಾಲಮ್ ಜೋಡಿಸಿ ಸ್ಪೇಸ್ ಬಿಟ್ಟು ಬರೆದಿರೋ ನಂಬರ್ ಟೇಬಲ್ ಇದ್ರೆ ಅದು ಚೆಲ್ಲಾಪಿಲ್ಲಿ ಆಗಿರೋದು ಇಲ್ಲೇ ಕಾಣತ್ತೆ, ಅಂಥ ಕಡೆ ಮೇಲೊಂದು ಕೆಳಗೊಂದು ಕಾಮೆಂಟ್ ಹಾಕಿ ಬ್ಲ್ಯಾಕನ್ನ ಆಫ್ ಆನ್ ಮಾಡ್ಬಹುದು. ಇನ್ನೊಂದು, ಆರ್ಗ್ಯುಮೆಂಟ್ ಲಿಸ್ಟಿನ ಕೊನೇಲಿ ಕಾಮಾ ಇದ್ರೆ ಅದು ಒಂದೇ ಲೈನಲ್ಲಿ ಹಿಡಿಸೋ ಹಾಗಿದ್ರೂ ಒಂದೊಂದನ್ನೂ ಬೇರೆ ಬೇರೆ ಲೈನಿಗೆ ಹಾಕತ್ತೆ. ಬೇಡ ಅಂದ್ರೆ ಆ ಕಾಮಾ ತೆಗೀರಿ, ಸರಿ ಹೋಗತ್ತೆ.

ಈಗ ಮುಖ್ಯವಾದದ್ದು. ಕಾನ್ಫಿಗ್ ಫೈಲು, ಪ್ರಿ-ಕಮಿಟ್ ಹುಕ್ಕು (ಪ್ರತಿ ಕಮಿಟ್‌ಗೂ ಮುಂಚೆ ತಾನೇ ಓಡೋ ಸ್ಕ್ರಿಪ್ಟ್) ಎಲ್ಲಾ ಒಂದು ಕಮಿಟ್‌ನಲ್ಲಿ ಮೊದಲೇ ಹಾಕ್ಬಿಡಿ. ಫಾರ್ಮ್ಯಾಟ್ ಮಾಡಿದ್ದು ಅದಾದ್ಮೇಲೆ ಬೇರೇನೇ ಕಮಿಟ್, ಅದರಲ್ಲಿ ಮೆಷಿನ್ ಮಾಡಿದ್ದು ಬಿಟ್ರೆ ನಿಮ್ಮ ಕೈದು ಒಂದಕ್ಷರನೂ ಇರ್ಬಾರ್ದು. ಆಗ ರಿವ್ಯೂ ಮಾಡೋರು ಸಾವಿರಾರು ಲೈನ್ ಓದೋ ಬದಲು ತಾವೂ ಅದೇ ಕಮಾಂಡ್ ಓಡಿಸಿ ಅದೇ ಬಂತಾ ಅಂತ ನೋಡಿದ್ರೆ ಸಾಕು.

ಓಪನ್ ಇರೋ ಪುಲ್ ರಿಕ್ವೆಸ್ಟ್‌ಗಳಲ್ಲಿ ಮುಗಿಯೋ ಹಾಗಿರೋದನ್ನ ಮೊದಲು ಮರ್ಜ್ ಮಾಡಿ. ಉಳಿದವರು ಹೀಗೆ ಮಾಡ್ಲಿ: ಫಾರ್ಮ್ಯಾಟ್ ಕಮಿಟ್‌ಗೆ ಸರಿಯಾಗಿ ಹಿಂದಿನ ಕಮಿಟ್‌ವರೆಗೂ ತಮ್ಮ ಬ್ರ್ಯಾಂಚಿಗೆ ಮರ್ಜ್ ಮಾಡ್ಕೊಂಡು, ಅಲ್ಲಿ ತಾವೇ ಅದೇ ವರ್ಷನ್ ಬ್ಲ್ಯಾಕ್ ಓಡಿಸಿ ಕಮಿಟ್ ಮಾಡಿ, ಆಮೇಲೆ ಫಾರ್ಮ್ಯಾಟ್ ಕಮಿಟನ್ನ ಅವರ್ಸ್ (ours) ಸ್ಟ್ರ್ಯಾಟಜಿಲಿ, ಅಂದ್ರೆ ಪೂರ್ತಿ ತಮ್ಮ ಕಡೇದನ್ನೇ ಇಟ್ಕೊಳ್ಳೋ ಹಾಗೆ, ಮರ್ಜ್ ಮಾಡಿದ್ರೆ ಆಯ್ತು. ಎರಡೂ ಕಡೆ ಫಾರ್ಮ್ಯಾಟ್ ಒಂದೇ ಆಗಿರೋದ್ರಿಂದ ತಮ್ಮ ಕಡೇದನ್ನೇ ಇಟ್ಕೊಂಡ್ರೂ ಏನೂ ಕಳೆದ್ಹೋಗಲ್ಲ, ಕಾನ್‌ಫ್ಲಿಕ್ಟ್ ಒಂದೊಂದಾಗಿ ಬಿಡಿಸ್ತಾ ಕೂರ್ಬೇಕಿಲ್ಲ. ಕಾನ್ಫಿಗ್ ಬೇರೆ ಕಮಿಟ್ ಮಾಡಿ ಅಂದಿದ್ದು ಇದಕ್ಕೂ ಸೇರಿ, ಎರಡೂ ಒಂದೇ ಕಮಿಟ್‌ನಲ್ಲಿದ್ರೆ ಈ ಮರ್ಜಲ್ಲಿ ಕಾನ್ಫಿಗ್ ಬದಲಾವಣೆ ಹಾರಿಹೋಗತ್ತೆ.

ಮೇನ್ ಬ್ರ್ಯಾಂಚಿಗೆ ಸೇರಿದ್ಮೇಲೆ ಫಾರ್ಮ್ಯಾಟ್ ಕಮಿಟಿನ ಪೂರ್ತಿ 40 ಅಕ್ಷರದ ಹ್ಯಾಶನ್ನ ಡಾಟ್ ಗಿಟ್ ಬ್ಲೇಮ್ ಇಗ್ನೋರ್ ರೆವ್ಸ್ ಅನ್ನೋ ಫೈಲಿಗೆ ಹಾಕಿ, ಹೆಸರಲ್ಲಿ ಪದಗಳ ಮಧ್ಯೆ ಹೈಫನ್ ಬರತ್ತೆ, ಇದರಲ್ಲಿರೋ ಕಮಿಟನ್ನ ಗಿಟ್ ಬ್ಲೇಮ್ ಲೆಕ್ಕಕ್ಕೆ ತಗೊಳ್ಳಲ್ಲ. ಮುಂಚೇನೇ ಹಾಕ್ಬೇಡಿ, ಸ್ಕ್ವಾಶ್ ಇಲ್ಲಾ ರೀಬೇಸ್ ಮಾಡಿದ್ರೆ ಹ್ಯಾಶ್ ಬದಲಾಗತ್ತೆ. ಗಿಟ್‌ಹಬ್ ತನ್ನ ಬ್ಲೇಮ್ ಪೇಜಲ್ಲಿ ಈ ಫೈಲನ್ನ ತಾನೇ ಓದ್ಕೊಳ್ಳತ್ತೆ, ಆದ್ರೆ ಲೋಕಲ್ ಮೆಷಿನಲ್ಲಿ ಪ್ರತಿಯೊಬ್ಬರೂ ಗಿಟ್ ಕಾನ್ಫಿಗ್‌ನಲ್ಲಿ ಫೈಲ್ ಹೆಸರು ಕೊಡ್ಬೇಕು, ಗಿಟ್ 2.23 ಅಥವಾ ಆಮೇಲಿನ ವರ್ಷನ್ ಇರ್ಬೇಕು.

ಸಿಐನಲ್ಲಿ (ಕೋಡ್ ಪುಶ್ ಆದಾಗೆಲ್ಲ ತಾನೇ ಟೆಸ್ಟ್ ಓಡಿಸೋ ಸರ್ವರ್) ಚೆಕ್ ಆಪ್ಷನ್ ಹಾಕಿ, ಫಾರ್ಮ್ಯಾಟ್ ಆಗದ ಕೋಡ್ ಬಂದ್ರೆ ಬಿಲ್ಡ್ ಫೇಲ್ ಆಗ್ಲಿ. ಹುಕ್ ಒಂದನ್ನೇ ನಂಬ್ಕೋಬೇಡಿ, ಹೊಸದಾಗಿ ಸೇರಿದವರು ಇನ್‌ಸ್ಟಾಲ್ ಮಾಡೋದೇ ಮರ್ತಿರ್ತಾರೆ. ಹುಕ್ಕು, ಸಿಐ, ಎಡಿಟರ್ ಮೂರರಲ್ಲೂ ಬ್ಲ್ಯಾಕ್ ವರ್ಷನ್ ಒಂದೇ ಇರ್ಲಿ, ಪಿನ್ ಮಾಡಿ, ಅಂದ್ರೆ ವರ್ಷನ್ ನಂಬರ್ ಬರೆದು ಗಟ್ಟಿ ಮಾಡಿ. ಬ್ಲ್ಯಾಕ್ ಸ್ಟೈಲ್ ಬದಲಾವಣೆ ವರ್ಷದ ಮೊದಲ ರಿಲೀಸಲ್ಲಿ ಬರತ್ತೆ, ಆಗ ಅಪ್‌ಗ್ರೇಡಿಗೆ ಮತ್ತೆ ಬೇರೇನೇ ಪುಲ್ ರಿಕ್ವೆಸ್ಟ್ ಮಾಡಿ, ಆ ಹ್ಯಾಶನ್ನೂ ಅದೇ ಫೈಲಿಗೆ ಸೇರಿಸಿ.