ಬೆಣ್ಣೆ ದೋಸೆಯ ಊರಿನಲ್ಲಿ ಹಾಲು-ಮೊಸರಿಲ್ಲದ ಬೇಸಿಗೆ ಊಟ: ನನ್ನ ಅನುಭವ

ದಾವಣಗೆರೆಯಲ್ಲಿದ್ದುಕೊಂಡು ಹಾಲು, ಮೊಸರು, ಬೆಣ್ಣೆ, ತುಪ್ಪ ಬಿಟ್ಟಿದ್ದೇವೆ ಅಂದರೆ ಜನ ಮೊದಲು ಕೇಳುವುದು ಬೆಣ್ಣೆ ದೋಸೆಯ ಬಗ್ಗೆ. ಆಮೇಲೆ ಕೇಳುವುದು, ಈ ಬಿಸಿಲಿನಲ್ಲಿ ಮಜ್ಜಿಗೆ ಇಲ್ಲದೆ ಹೇಗಿರ್ತೀರಿ ಅಂತ. ದೋಸೆಗೆ ಉತ್ತರ ಚಿಕ್ಕದು. ಮನೆಯಲ್ಲೇ ಗಾಣದ ಶೇಂಗಾ ಎಣ್ಣೆ ಬಿಟ್ಟು ಹುಯ್ದುಕೊಳ್ಳುತ್ತೇವೆ. ಎರಡನೆಯ ಪ್ರಶ್ನೆಗೆ ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕು, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮಗಳು ಕಾಲೇಜಿಗೆ ಹೋಗುವಾಗಲೇ, ಕರುವಿನ ಪಾಲಿನದ್ದು ನನಗೆ ಬೇಡ ಎಂದು ಹಾಲು ಬಿಟ್ಟಳು. ಅವಳ ಮಾತು ನನಗೂ ಸರಿ ಅನ್ನಿಸಿತು, ನಾನೂ ಬಿಟ್ಟೆ. ಅತ್ತೆ ಚಳ್ಳಕೆರೆ ಕಡೆಯವರು. "ಅಲ್ಲವ್ವಾ, ಮಜ್ಜಿಗೆ ಇಲ್ದಂಗೆ ಊಟ ಗಂಟ್ಲಾಗೆ ಹೆಂಗೆ ಇಳೀತೈತೆ?" ಎಂದು ಕೇಳಿದ್ದರು. ಆದರೆ ಆ ಪ್ರಶ್ನೆಗೆ ಅರ್ಧ ಉತ್ತರ ಅವರ ಕೈಯಡುಗೆಯಲ್ಲೇ ಇತ್ತು. ನಮ್ಮ ಕಡೆ ರೊಟ್ಟಿ ಊಟಕ್ಕೆ ಕೂತರೆ ತಟ್ಟೆಯ ಬದಿಗೆ ಎಳೆ ಸೌತೆಕಾಯಿ, ಮೂಲಂಗಿ, ಮೆಂತ್ಯ ಸೊಪ್ಪು, ಹಸಿ ಈರುಳ್ಳಿ ಇದ್ದೇ ಇರುತ್ತವೆ. ಪಕ್ಕದಲ್ಲಿ ಶೇಂಗಾ ಪುಡಿ, ಗುರೆಳ್ಳು ಪುಡಿ, ಅವುಗಳ ಮೇಲೆ ಒಂದಿಷ್ಟು ಹಸಿ ಎಣ್ಣೆ. ಹಸಿ ತರಕಾರಿಗೆ ರುಚಿ ಕೊಡಲು ಮೊಸರೇ ಬೇಕೆಂದಿಲ್ಲ. ಎಣ್ಣೆಬೀಜದ ಪುಡಿಯ ಜಿಡ್ಡು, ಒಂದು ಹುಳಿ, ಸರಿಯಾದ ಹೊತ್ತಿಗೆ ಬಿದ್ದ ಉಪ್ಪು ಇದ್ದರೆ ಸಾಕು. ಇಷ್ಟು ವರ್ಷ ಅಡುಗೆ ಮಾಡಿ ನಾನು ಗಟ್ಟಿಯಾಗಿ ನಂಬಿರುವುದು ಇದನ್ನೇ.

ಮೊದಲು ಉಪ್ಪಿನ ವಿಷಯ. ಸೌತೆಕಾಯಿಯಲ್ಲಿ ಶೇಕಡಾ 95ರಷ್ಟು ನೀರೇ ಇರುತ್ತದೆ. ಹೆಚ್ಚಿದ ಕೂಡಲೇ ಉಪ್ಪು ಹಾಕಿಟ್ಟರೆ ಆ ನೀರೆಲ್ಲ ಹೊರಗೆ ಬಂದು, ಊಟಕ್ಕೆ ಕೂರುವ ಹೊತ್ತಿಗೆ ಬಟ್ಟಲಿನ ತಳದಲ್ಲಿ ನಿಲ್ಲುತ್ತದೆ, ಹೋಳು ಮೆತ್ತಗಾಗುತ್ತದೆ. ನಾನು ಮೊದಲು ಎಣ್ಣೆ ಅಥವಾ ಒಗ್ಗರಣೆ ಹಾಕಿ ಕಲೆಸುತ್ತೇನೆ. ಹೋಳಿನ ಮೇಲೆ ಎಣ್ಣೆಯ ಪದರ ಕೂರುತ್ತದೆ. ಆಮೇಲೆ ಪುಡಿ. ಉಪ್ಪು ಮತ್ತು ನಿಂಬೆರಸ ತಟ್ಟೆ ಹಾಕಿದ ಮೇಲೆ. ಮೂಲಂಗಿಗೆ ಮಾತ್ರ ಇದನ್ನೇ ತಿರುಗಿಸುತ್ತೇನೆ. ತುರಿದು, ಉಪ್ಪು ಸವರಿ ಹತ್ತು ನಿಮಿಷ ಬಿಟ್ಟು ಹಿಂಡಿದರೆ ಅದರ ಗಾಟು ಇಳಿಯುತ್ತದೆ. ಹಿಂಡಿದ ನೀರನ್ನು ಚೆಲ್ಲದೆ ತಾಳಿಪಟ್ಟಿನ ಹಿಟ್ಟಿಗೆ ಹಾಕುತ್ತೇನೆ. ಆ ಹಿಟ್ಟಿಗೆ ಬೇರೆ ಉಪ್ಪು ನೋಡಿಕೊಂಡು ಹಾಕಬೇಕು.

ಕೋಸಂಬರಿ ರಾಮನವಮಿಗೆ ಎಲ್ಲರ ಮನೆಯಲ್ಲೂ ಆಗುತ್ತದೆ, ನಮ್ಮಲ್ಲಿ ಬೇಸಿಗೆಯುದ್ದಕ್ಕೂ ಆಗುತ್ತದೆ. ಒಂದು ಲೋಟ ಹೆಸರುಬೇಳೆ ತೊಳೆದು ಮುಕ್ಕಾಲು ಗಂಟೆ ನೆನೆಸಿದರೆ ಸಾಕು. ಬೇಳೆಯನ್ನು ಉಗುರಿನಿಂದ ಒತ್ತಿದರೆ ಮುರಿಯಬೇಕು, ನಡುವೆ ಬಿಳಿ ಚುಕ್ಕೆ ಉಳಿದಿರಬಾರದು. ಹೆಚ್ಚು ನೆಂದರೆ ಲೋಳೆ ಬಂದು ಅಂಟುತ್ತದೆ. ನೀರು ಬಸಿದು, ತೆಳು ಬಟ್ಟೆಯ ಮೇಲೆ ಸ್ವಲ್ಪ ಹೊತ್ತು ಹರಡಿ ಬಿಡುತ್ತೇನೆ. ಈ ಕೆಲಸ ಹೆಚ್ಚಿನವರು ಬಿಡುತ್ತಾರೆ, ಕೋಸಂಬರಿ ನೀರಾಗುವುದಕ್ಕೆ ಅರ್ಧ ಕಾರಣ ಅದೇ. ಸೌತೆಕಾಯಿಯನ್ನು ತುರಿಯುವುದಿಲ್ಲ, ಸಣ್ಣಗೆ ಹೆಚ್ಚುತ್ತೇನೆ. ತೊಟ್ಟಿನ ಕಡೆಯ ಚೂರನ್ನು ಮೊದಲು ಬಾಯಿಗೆ ಹಾಕಿ ನೋಡಿ. ಕಹಿ ಇದ್ದರೆ ಆ ಕಾಯಿ ಬೇಡ. ಸೋರೆಕಾಯಿಗಂತೂ ಇದು ಇನ್ನೂ ಮುಖ್ಯ. ಕಹಿ ಸೋರೆಕಾಯಿ ಹಸಿಯಾಗಿ ತಿಂದರೂ ಬೇಯಿಸಿ ತಿಂದರೂ ವಿಷವಾಗುತ್ತದೆ, ಒಂದು ಚೂರು ಕಹಿ ಅನ್ನಿಸಿದರೂ ಪೂರ್ತಿ ಕಾಯಿ ಎಸೆಯಬೇಕು.

ಕೋಸಂಬರಿಗೆ ಏಪ್ರಿಲ್‌ನಲ್ಲಿ ನಿಂಬೆಹಣ್ಣು ಮುಟ್ಟುವುದೇ ಇಲ್ಲ, ಮಾವಿನಕಾಯಿ ತುರಿ ಹಾಕುತ್ತೇನೆ. ಯುಗಾದಿಯ ಹೊತ್ತಿಗೆ ಮಾರುಕಟ್ಟೆಗೆ ಬರುವ ಗಟ್ಟಿ ಹುಳಿ ಕಾಯಿಯೇ ಇದಕ್ಕೆ ಸರಿ. ಹಸಿ ತೆಂಗಿನತುರಿ, ಕೊತ್ತಂಬರಿ, ಹಸಿಮೆಣಸಿನಕಾಯಿ, ಮೇಲೆ ಸಾಸಿವೆ-ಇಂಗು-ಕರಿಬೇವಿನ ಒಗ್ಗರಣೆ. ಒಗ್ಗರಣೆ ಆರಿದ ಮೇಲೆ ಹಾಕಿ. ಬಿಸಿ ಎಣ್ಣೆ ಬಿದ್ದರೆ ಸೌತೆಕಾಯಿ ಬಾಡುತ್ತದೆ. ಬೇಳೆಯ ಕಬ್ಬಿಣಾಂಶ ಮೈಗೆ ಹತ್ತಲು ಹುಳಿಯಲ್ಲಿರುವ ವಿಟಮಿನ್ ಸಿ ನೆರವಾಗುತ್ತದೆ ಎಂಬುದೂ ಈ ಹುಳಿಯನ್ನು ನಾನು ಧಾರಾಳವಾಗಿ ಹಾಕಲು ಒಂದು ಕಾರಣ.

ಮೆಂತ್ಯ ಸೊಪ್ಪಿನ ಪಚಡಿ ನನ್ನ ಮೆಚ್ಚಿನದು. ಎಳೆ ಸೊಪ್ಪೇ ಬೇಕು, ಎಲೆ ಮಾತ್ರ ಬಿಡಿಸಬೇಕು. ದಂಟು ಸೇರಿದರೆ ಕಹಿ ಮುಂದೆ ಬರುತ್ತದೆ. ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆದು, ಬಟ್ಟೆಯಲ್ಲಿ ನೀರಾರಿಸಿ, ಈರುಳ್ಳಿ ಸೇರಿಸಿ. ಚಿತ್ರದುರ್ಗ ಸೀಮೆಯ ಕೆಂಪು ಈರುಳ್ಳಿ ಖಾರ ಹೆಚ್ಚು. ತೆಳ್ಳಗೆ ಹೆಚ್ಚಿ ತಣ್ಣೀರಿನಲ್ಲಿ ಹದಿನೈದು ನಿಮಿಷ ಬಿಟ್ಟು ಬಸಿದರೆ ಕಣ್ಣಲ್ಲಿ ನೀರು ಬರಿಸುವ ಗಾಟು ಹೋಗಿ ಸಿಹಿ ಉಳಿಯುತ್ತದೆ. ಇವೆರಡಕ್ಕೆ ಎರಡು ಚಮಚ ಗುರೆಳ್ಳು ಪುಡಿ, ಒಂದು ಚಮಚ ಹಸಿ ಶೇಂಗಾ ಎಣ್ಣೆ. ಉಪ್ಪು, ನಿಂಬೆ ಕೊನೆಗೆ. ಜೋಳದ ರೊಟ್ಟಿ ಮುರಿದು ಇದನ್ನು ಎತ್ತಿಕೊಂಡು ತಿಂದರೆ ಬೇರೆ ಪಲ್ಯದ ನೆನಪು ಬರುವುದಿಲ್ಲ.

ಪುಡಿ ಮನೆಯಲ್ಲೇ ಮಾಡಿಕೊಳ್ಳಿ, ಇದರಲ್ಲಿ ಸೋಮಾರಿತನ ಬೇಡ. ಅಂಗಡಿಯ ಪುಡಿ ಎಷ್ಟು ದಿನದ್ದೋ ಗೊತ್ತಾಗುವುದಿಲ್ಲ, ಎಣ್ಣೆಬೀಜ ಹಳತಾದರೆ ಕಮಟು ವಾಸನೆ ಬಂದು ಒಳ್ಳೆಯ ತರಕಾರಿಯನ್ನೂ ಕೆಡಿಸುತ್ತದೆ. ಒಂದು ಲೋಟ ಗುರೆಳ್ಳನ್ನು (ಅತ್ತೆ ಇದನ್ನು ಹುಚ್ಚೆಳ್ಳು ಅನ್ನುತ್ತಾರೆ) ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿಯುತ್ತೇನೆ. ಕರಿ ಬೀಜವಾದ್ದರಿಂದ ಬಣ್ಣ ನೋಡಿ ಹದ ತಿಳಿಯುವುದಿಲ್ಲ, ಕಿವಿಯನ್ನೇ ನಂಬಬೇಕು. ಚಟಪಟ ಶುರುವಾಗಿ, ಘಮ ಎದ್ದು, ಸದ್ದು ಇಳಿಯತೊಡಗಿದ ಕೂಡಲೇ ತಟ್ಟೆಗೆ ಸುರಿಯಬೇಕು. ಬಾಣಲೆಯಲ್ಲೇ ಬಿಟ್ಟರೆ ಕಾವಿಗೆ ಸೀದು ಕಹಿಯಾಗುತ್ತದೆ. ಏಳೆಂಟು ಬ್ಯಾಡಗಿ ಮೆಣಸಿನಕಾಯಿ, ಒಂದು ಗಡ್ಡೆ ಬೆಳ್ಳುಳ್ಳಿ, ಅರ್ಧ ಚಮಚ ಜೀರಿಗೆ, ಗೋಲಿಯಷ್ಟು ಹುಣಸೆಹಣ್ಣು, ಉಪ್ಪು. ಹುಣಸೆಹಣ್ಣನ್ನೂ ಬಾಣಲೆಯಲ್ಲಿ ಒಣಗಿಸಿಕೊಳ್ಳಬೇಕು, ಹಸಿ ಇದ್ದರೆ ಪುಡಿ ಗಂಟುಕಟ್ಟುತ್ತದೆ. ಕುಟ್ಟಣಿಯಲ್ಲಿ ತರಿತರಿಯಾಗಿ ಕುಟ್ಟಿದರೆ ಒಳ್ಳೆಯದು. ಮಿಕ್ಸಿಯಲ್ಲಾದರೆ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ.

ಶೇಂಗಾ ಮತ್ತು ಎಣ್ಣೆ ಚಳ್ಳಕೆರೆಯಿಂದ ಬರುತ್ತದೆ. ಆ ಊರು ಎಣ್ಣೆ ಗಿರಣಿಗಳಿಗೆ ಹೆಸರಾದದ್ದು, ಸುತ್ತಲಿನ ಒಣಭೂಮಿಯಲ್ಲಿ ಶೇಂಗಾವೇ ದೊಡ್ಡ ಬೆಳೆ. ನೂರು ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇರುತ್ತದೆ, ಹಾಗಾಗಿ ಹಾಲು ಬಿಟ್ಟ ಮನೆಯಲ್ಲಿ ಇದಕ್ಕೆ ಮೊದಲ ಜಾಗ. ಕಾಳು ಆರಿಸುವಾಗ ಮುದುಡಿದ್ದು, ಕಪ್ಪಾದದ್ದು, ಬೂಷ್ಟು ಹಿಡಿದದ್ದು ಒಂದೂ ಉಳಿಯಬಾರದು.

ಇನ್ನು ಅತ್ತೆಯ ಪ್ರಶ್ನೆಯ ಉಳಿದರ್ಧ, ಅಂದರೆ ಮಜ್ಜಿಗೆ. ಶೇಂಗಾ ಮೊಸರು ಮಾಡುವುದು ಕಷ್ಟವೇನಲ್ಲ. ಒಂದು ಲೋಟ ಹಸಿ ಶೇಂಗಾ ರಾತ್ರಿ ನೆನೆಸಿ, ಬೆಳಿಗ್ಗೆ ಉಜ್ಜಿ ಸಿಪ್ಪೆ ತೆಗೆದು, ನೀರು ಹಾಕಿ ನುಣ್ಣಗೆ ರುಬ್ಬುತ್ತೇನೆ. ಒಟ್ಟು ಮೂರು ಲೋಟ ನೀರು ಹಿಡಿಯುತ್ತದೆ. ಬಟ್ಟೆಯಲ್ಲಿ ಹಿಂಡಿ ತೆಗೆದ ಹಾಲನ್ನು ಕೈಬಿಡದೆ ತಿರುವುತ್ತಾ ಹತ್ತು ನಿಮಿಷ ಕುದಿಸಬೇಕು, ತಳ ಬೇಗ ಹಿಡಿಯುತ್ತದೆ. ಬೆರಳು ಅದ್ದಿದರೆ ಹಿತವಾಗಿ ಬೆಚ್ಚಗಿರುವಾಗ ಏಳೆಂಟು ಹಸಿಮೆಣಸಿನಕಾಯಿಯ ತೊಟ್ಟುಗಳನ್ನು ತೊಳೆದು ಮುಳುಗಿಸಿ ಮುಚ್ಚಿಡಿ. ತೊಟ್ಟಿನ ಮೇಲಿರುವ ಸೂಕ್ಷ್ಮಜೀವಿಗಳೇ ಹೆಪ್ಪಿನ ಕೆಲಸ ಮಾಡುತ್ತವೆ. ನಮ್ಮ ಬೇಸಿಗೆಗೆ ಏಳೆಂಟು ಗಂಟೆಯಲ್ಲಿ ಹೆಪ್ಪಾಗುತ್ತದೆ. ಮೊದಲ ಸಲದ್ದು ತೆಳುವಾಗಿರುತ್ತದೆ, ಅದನ್ನೇ ಹೆಪ್ಪಾಗಿ ಬಳಸಿ ಎರಡನೇ ಸಲ ಮಾಡಿದರೆ ಗಟ್ಟಿ ಬರುತ್ತದೆ. ಬಣ್ಣ ಬದಲಾಗಿದ್ದರೆ, ಕೆಟ್ಟ ವಾಸನೆ ಬಂದಿದ್ದರೆ ಚೆಲ್ಲಿಬಿಡಿ. ಬಟ್ಟೆಯಲ್ಲಿ ಉಳಿದ ತರಿಯನ್ನು ಹಸಿಮೆಣಸಿನಕಾಯಿ, ಬೆಳ್ಳುಳ್ಳಿ ಜೊತೆ ಹುರಿದು ಚಟ್ನಿ ಮಾಡುತ್ತೇನೆ.

ಇದು ಹಸುವಿನ ಹಾಲಿನ ಮೊಸರಿನ ಹಾಗೇ ಇರುತ್ತದೆ ಎಂದು ನಾನು ಹೇಳುವುದಿಲ್ಲ. ಹುಳಿ ಕಡಿಮೆ, ಶೇಂಗಾದ ವಾಸನೆ ಇರುತ್ತದೆ. ನೀರು ಬೆರೆಸಿ ಶುಂಠಿ, ಕರಿಬೇವು, ಇಂಗು ಜಜ್ಜಿ ಹಾಕಿದರೆ ಆ ವಾಸನೆ ಹಿಂದೆ ಸರಿಯುತ್ತದೆ. ಅತ್ತೆ ಒಂದು ಲೋಟ ಕುಡಿದು, "ಮಜ್ಜಿಗೆ ಅಲ್ಲವ್ವಾ ಇದು, ಆದ್ರೆ ಕುಡಿಯಾಕೆ ಚೆನ್ನಾಗೈತೆ" ಅಂದರು. ನನಗೆ ಅಷ್ಟು ಬೇಕಾದಷ್ಟಾಯಿತು.

ಈ ಮೊಸರು ನಿಜವಾಗಿ ಗೆಲ್ಲುವುದು ಸುಟ್ಟ ಬದನೆಕಾಯಿಯ ಜೊತೆ. ಗಾತ್ರಕ್ಕೆ ಹಗುರಾದ ಕಾಯಿ ಆರಿಸಿ, ಅದರಲ್ಲಿ ಬೀಜ ಕಡಿಮೆ. ಒಂದು ಕಡೆ ಸೀಳಿ ಹುಳು ಇಲ್ಲವೆಂದು ನೋಡಿಕೊಂಡು, ಎಣ್ಣೆ ಸವರಿ, ಉರಿಯ ಮೇಲೆ ತಿರುಗಿಸುತ್ತಾ ಸುಡಬೇಕು. ಹೊಟ್ಟೆ ಬೇಗ ಮೆತ್ತಗಾಗುತ್ತದೆ, ತೊಟ್ಟಿನ ಬುಡ ಗಟ್ಟಿ ಇರುತ್ತದೆ. ಆ ಬುಡಕ್ಕೆ ಚಾಕು ಸಲೀಸಾಗಿ ಇಳಿದರೆ ಮಾತ್ರ ಬೆಂದಿದೆ ಎಂದರ್ಥ. ಐದು ನಿಮಿಷ ಮುಚ್ಚಿಟ್ಟರೆ ಸಿಪ್ಪೆ ತಾನೇ ಬಿಡಿಸಿಕೊಳ್ಳುತ್ತದೆ. ನೀರಿನಲ್ಲಿ ಅದ್ದಿ ಸುಲಿಯಬೇಡಿ, ಹೊಗೆಯ ರುಚಿಯೆಲ್ಲ ನೀರಿಗೆ ಹೋಗುತ್ತದೆ. ಕೈ ಒದ್ದೆ ಮಾಡಿಕೊಂಡು ಸುಲಿದರೆ ಸಾಕು. ಬೆರಳಲ್ಲೇ ಕಿವುಚಿ, ಈರುಳ್ಳಿ, ಕೊತ್ತಂಬರಿ, ಶೇಂಗಾ ಮೊಸರು ಸೇರಿಸಿ, ಸಾಸಿವೆ-ಬ್ಯಾಡಗಿ ಒಗ್ಗರಣೆ ಕೊಟ್ಟರೆ ಬಜ್ಜಿ ಸಿದ್ಧ. ರಾಗಿ ಮುದ್ದೆಯ ಜೊತೆಗೂ ಇದು ಇಳಿಯುತ್ತದೆ.

ಬೇಯಿಸುವ ತರಕಾರಿಗೂ ಉಪ್ಪಿನ ಲೆಕ್ಕ ಅದೇ. ಬೆಂಡೆಕಾಯಿ ತೊಳೆದು, ಒರೆಸಿ, ಪೂರ್ತಿ ಆರಿದ ಮೇಲೆ ಹೆಚ್ಚಿ. ಕಬ್ಬಿಣದ ಬಾಣಲೆಯಲ್ಲಿ ದೊಡ್ಡ ಉರಿ, ಮುಚ್ಚಳ ಬೇಡ, ಅಂಚು ಕೆಂಪಾಗುವವರೆಗೆ ಉಪ್ಪು ಬೇಡ. ಲೋಳೆಯ ಮಾತೇ ಬರುವುದಿಲ್ಲ. ಚವಳಿಕಾಯಿಯನ್ನು ಉಪ್ಪುನೀರಿನಲ್ಲಿ ಬೇಯಿಸಿ ಬಸಿದು, ಒಗ್ಗರಣೆಗೆ ಹಾಕಿ ಗುರೆಳ್ಳು ಪುಡಿ ಉದುರಿಸುತ್ತೇನೆ. ಬೀಟ್‌ರೂಟ್ ಸಿಪ್ಪೆ ಸಮೇತ ಹಬೆಯಲ್ಲಿ ಬೇಯಿಸಿ ಆಮೇಲೆ ಸುಲಿದರೆ ಬಣ್ಣವೂ ಸಿಹಿಯೂ ನೀರಿಗೆ ಹೋಗುವುದಿಲ್ಲ. ಮೊಳಕೆ ಕಾಳು ಈ ಸೆಕೆಗೆ ಒಂದೇ ರಾತ್ರಿಯಲ್ಲಿ ಬರುತ್ತದೆ, ಅದೇ ಸೆಕೆಗೆ ಬೇಗ ಹಳಸುತ್ತದೆ ಕೂಡ. ಹಾಗಾಗಿ ಹಸಿಯಾಗಿ ಬಡಿಸುವುದಿಲ್ಲ, ಹಬೆಯಲ್ಲಿ ಬೇಯಿಸಿಯೇ ಸಲಾಡಿಗೆ ಹಾಕುತ್ತೇನೆ. ಮನೆಯಲ್ಲಿ ವಯಸ್ಸಾದವರು, ಬಸುರಿಯರು ಇದ್ದರೆ ಹಸಿ ಮೊಳಕೆ ಬೇಡವೇ ಬೇಡ.

ಸಂಜೆಗೆ ಮಂಡಕ್ಕಿ. ದಾವಣಗೆರೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ನಾನು ಸೇರಿಸುವುದು ಇಷ್ಟೇ: ಪುಟಾಣಿ ಪುಡಿ ಹಾಕಿದ ಮಂಡಕ್ಕಿಗೆ ಅದರಷ್ಟೇ ಸೌತೆಕಾಯಿ, ಕ್ಯಾರೆಟ್, ಟೊಮೆಟೊ, ಮಾವಿನಕಾಯಿ. ಮಿರ್ಚಿ ಇಲ್ಲದೆಯೂ ಹೊಟ್ಟೆ ತುಂಬುತ್ತದೆ. ಕಲೆಸಿದ ಕೂಡಲೇ ತಿನ್ನಬೇಕು.

ಹಾಲು ಪೂರ್ತಿ ಬಿಡುವವರು ಒಂದು ವಿಷಯ ಮರೆಯಬಾರದು. ಬಿ12 ವಿಟಮಿನ್ ತರಕಾರಿ, ಕಾಳುಗಳಿಂದ ಸಿಗುವುದಿಲ್ಲ. ನಾನೂ ಮಗಳೂ ರಕ್ತ ಪರೀಕ್ಷೆ ಮಾಡಿಸಿ, ವೈದ್ಯರು ಹೇಳಿದ ಮಾತ್ರೆ ತೆಗೆದುಕೊಳ್ಳುತ್ತೇವೆ. ಕ್ಯಾಲ್ಸಿಯಂಗೆ ರಾಗಿ ಇದೆ, ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು. ಜೊತೆಗೆ ಎಳ್ಳು, ಸೊಪ್ಪು.

ಮಗಳು ಈಗ ಕೆಲಸಕ್ಕೆ ಬುತ್ತಿ ಕಟ್ಟಿಕೊಂಡು ಹೋಗುತ್ತಾಳೆ. ದೊಡ್ಡ ಡಬ್ಬಿಯಲ್ಲಿ ತೊಳೆದು ಆರಿಸಿದ ಸೊಪ್ಪು, ಈರುಳ್ಳಿ, ಎಣ್ಣೆ ಸವರಿದ ಬೇಯಿಸಿದ ಕಾಳು. ಸಣ್ಣ ಡಬ್ಬಿಯಲ್ಲಿ ಪುಡಿ ಮತ್ತು ಉಪ್ಪು. ಸೌತೆಕಾಯಿ ಮತ್ತು ನಿಂಬೆಹಣ್ಣು ಇಡಿಯಾಗಿ, ಒಂದು ಪುಟ್ಟ ಚಾಕು. ಹೀಗಿದ್ದರೆ ಮಧ್ಯಾಹ್ನ ಒಂದು ಗಂಟೆಗೂ ಸೊಪ್ಪು ಬಾಡಿರುವುದಿಲ್ಲ. ಕಲೆಸಿದ್ದು ಉಳಿದರೆ ಸಂಜೆಗೆ ಇಡಬೇಡ ಎಂದು ಹೇಳಿದ್ದೇನೆ, ಈ ಬಿಸಿಲಿಗೆ ಅದು ತಡೆಯುವುದಿಲ್ಲ.